ನೇಗಿಲೂ ತುತ್ತೂರಿಯೂ: ಅಮೆರಿಕದ ಪ್ರೌಢಶಾಲೆಗಳ ವೃತ್ತಿಸಂಘಗಳು ಮತ್ತು ವಾದ್ಯವೃಂದಗಳು

ವಿದ್ಯಾಲಯಗಳ ಇತಿಹಾಸವನ್ನು ಬರೆಯತಕ್ಕವರು ಸಾಮಾನ್ಯವಾಗಿ ಪಠ್ಯಕ್ರಮ, ಪರೀಕ್ಷೆ, ಸರ್ಕಾರದ ಶಾಸನ, ಅಧ್ಯಾಪಕರ ತರಬೇತು ಇವುಗಳನ್ನೇ ಆಧಾರವಾಗಿಟ್ಟುಕೊಂಡು ಬರೆಯುತ್ತಾರೆ. ಅದು ಅವಶ್ಯಕವೂ ಹೌದು. ಆದರೆ ಪಾಠದ ಗಂಟೆ ಮುಗಿದ ಮೇಲೆ ಶಾಲೆಯಲ್ಲಿ ಏನು ನಡೆಯುತ್ತಿತ್ತು, ಮಕ್ಕಳು ತಾವೇ ಕೂಡಿಕೊಂಡು ಯಾವ ಕೆಲಸವನ್ನು ಕೈಗೊಳ್ಳುತ್ತಿದ್ದರು, ಯಾವ ಕೂಟದಲ್ಲಿ ತಮಗೊಂದು ಸ್ಥಾನವುಂಟೆಂದು ಅವರಿಗೆ ಮೊದಲ ಬಾರಿಗೆ ಅನ್ನಿಸುತ್ತಿತ್ತು ಎಂಬುದು ಆ ದಾಖಲೆಗಳ ಅಂಚಿನಲ್ಲಿಯೇ ಉಳಿದುಹೋಗುತ್ತದೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪ್ರೌಢಶಾಲೆಗಳಲ್ಲಿ ಈ ಬಗೆಯ ಎರಡು ಕೂಟಗಳು ಹುಟ್ಟಿ, ಬಲು ಬೇಗನೆ ಬೆಳೆದು, ಆ ದೇಶದ ಸಣ್ಣ ಊರುಗಳ ಬಾಳಿನೊಳಗೆ ಹಾಸುಹೊಕ್ಕಾಗಿ ಸೇರಿಕೊಂಡವು: ಒಂದು, ಮುಂದಿನ ಜೀವನೋಪಾಯವನ್ನು ಕುರಿತ ವಿದ್ಯಾರ್ಥಿಗಳ ವೃತ್ತಿಸಂಘ, ಇನ್ನೊಂದು, ವಿದ್ಯಾರ್ಥಿಗಳ ವಾದ್ಯವೃಂದ. ಮೊದಲನೆಯದಕ್ಕೆ ಕಾರಣವಾದುದು ಸರ್ಕಾರದ ಶಾಸನ ಮತ್ತು ಖಜಾನೆ; ಎರಡನೆಯದಕ್ಕೆ ಬಲವನ್ನು ಕೊಟ್ಟದ್ದು ಬಹುಮಟ್ಟಿಗೆ ವರ್ತಕರ ಲಾಭದ ಆಸೆ. ಹೀಗಿದ್ದರೂ ಇವೆರಡೂ ತಮ್ಮ ಹುಟ್ಟಿನ ಕಾರಣಗಳನ್ನು ಮೀರಿ ಬೆಳೆದುವು. ಅವುಗಳಿಗೆ ಬೆಲೆ ಬಂದದ್ದು ಮಕ್ಕಳು ಅವುಗಳನ್ನು ತಮ್ಮವನ್ನಾಗಿ ಮಾಡಿಕೊಂಡದ್ದರಿಂದ. ಈ ಮಾತನ್ನು ಸ್ಥಾಪಿಸುವುದೇ ಈ ಲೇಖನದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಪ್ರೌಢಶಾಲೆಯೆಂಬುದು ಎಲ್ಲರಿಗೂ ಒದಗತಕ್ಕ ವಸ್ತುವಾಗಿರಲಿಲ್ಲ. ಲ್ಯಾಟಿನ್, ಜ್ಯಾಮಿತಿ, ವಾಗ್ಮಿತೆ ಮುಂತಾದುವನ್ನು ಕಲಿತು ಕಾಲೇಜಿಗೆ ಹೋಗುವ, ಇಲ್ಲವೆ ಅಧ್ಯಾಪಕ ವೃತ್ತಿಯನ್ನು ಹಿಡಿಯುವ ಅಲ್ಪಸಂಖ್ಯೆಯ ಮಕ್ಕಳಿಗಾಗಿ ಅದು ಇತ್ತು. 1900ರ ಸುಮಾರಿನಲ್ಲಿ ಇಡೀ ದೇಶದ ಸಾರ್ವಜನಿಕ ಪ್ರೌಢಶಾಲೆಗಳಲ್ಲಿದ್ದ ವಿದ್ಯಾರ್ಥಿಗಳು 5 ಲಕ್ಷದಷ್ಟು ಮಾತ್ರ. 1930ರ ವೇಳೆಗೆ ಆ ಸಂಖ್ಯೆ 40 ಲಕ್ಷವನ್ನು ದಾಟಿತು. ರೈತನ ಮಗ, ಗಿರಣಿಯ ಕೂಲಿಯ ಮಗಳು, ಯೂರೋಪಿನಿಂದ ನಿನ್ನೆ ಮೊನ್ನೆ ಬಂದಿಳಿದ ಕುಟುಂಬದ ಹುಡುಗ, ಎಲ್ಲರೂ ಅದೇ ಬಾಗಿಲಿನೊಳಗೆ ಬಂದರು. ಹೀಗೆ ಬಂದ ಮಕ್ಕಳಿಗೆ ಶಾಲೆಯು ಏನನ್ನು ಕೊಡಬೇಕು ಎಂಬ ಪ್ರಶ್ನೆ ಆ ಕಾಲದ ಶಿಕ್ಷಣವೇತ್ತರನ್ನು ಬಹಳವಾಗಿ ಕಾಡಿತು. ರಾಷ್ಟ್ರೀಯ ಶಿಕ್ಷಣ ಸಂಘದವರು ನೇಮಿಸಿದ್ದ ಒಂದು ಆಯೋಗವು 1918ರಲ್ಲಿ ಪ್ರಕಟಿಸಿದ ವರದಿಯಲ್ಲಿ ಪ್ರೌಢಶಿಕ್ಷಣಕ್ಕೆ ಏಳು ಗುರಿಗಳನ್ನು ಗೊತ್ತುಮಾಡಿತು: ಆರೋಗ್ಯ, ಓದುಬರಹ ಮೊದಲಾದ ಮೂಲವಿದ್ಯೆಗಳಲ್ಲಿ ಹಿಡಿತ, ಯೋಗ್ಯವಾದ ಗೃಹಜೀವನ, ವೃತ್ತಿ, ನಾಗರಿಕತ್ವ, ವಿರಾಮಕಾಲದ ಸದ್ವಿನಿಯೋಗ, ನೈತಿಕ ಶೀಲ. ಈ ಪಟ್ಟಿಯಲ್ಲಿ ವೃತ್ತಿಯೂ ವಿರಾಮವೂ ಸರಿಸಮನಾಗಿ ಬಂದಿರುವುದನ್ನು ವಾಚಕರು ಗಮನಿಸಬೇಕು. ಮನುಷ್ಯನು ದುಡಿಯುವ ಹೊತ್ತಿಗೆ ಎಷ್ಟು ಸಿದ್ಧತೆ ಬೇಕೋ ದುಡಿಮೆ ಮುಗಿದ ಹೊತ್ತಿಗೂ ಅಷ್ಟೇ ಸಿದ್ಧತೆ ಬೇಕು ಎಂಬ ವಿಚಾರ ಅದರಲ್ಲಿ ಅಡಗಿತ್ತು. ನಾವು ಹೇಳಹೊರಟಿರುವ ಎರಡು ಕೂಟಗಳಿಗೂ ಅವಕಾಶವಾದದ್ದು ಈ ವಿಚಾರದ ನೆರಳಿನಲ್ಲಿ.

ಮೊದಲು ವೃತ್ತಿಯ ಮಾತು. 1917ರ ಫೆಬ್ರವರಿ 23ರಂದು ಅಧ್ಯಕ್ಷ ವುಡ್ರೊ ವಿಲ್ಸನ್ನನು ಒಂದು ಶಾಸನಕ್ಕೆ ಅಂಕಿತವನ್ನು ಹಾಕಿದನು. ಜಾರ್ಜಿಯಾ ಸಂಸ್ಥಾನದ ಪ್ರತಿನಿಧಿಗಳಾಗಿದ್ದ ಹೋಕ್ ಸ್ಮಿತ್ ಮತ್ತು ಡಡ್ಲಿ ಹ್ಯೂಸ್ ಎಂಬಿಬ್ಬರ ಹೆಸರಿನಿಂದ ಪ್ರಸಿದ್ಧವಾಗಿರುವ ಈ ಸ್ಮಿತ್–ಹ್ಯೂಸ್ ಶಾಸನವು, ಪ್ರೌಢಶಾಲೆಗಳಲ್ಲಿ ಬೇಸಾಯ, ಕೈಗಾರಿಕೆ, ಗೃಹವಿಜ್ಞಾನಗಳನ್ನು ಕಲಿಸುವ ಉಪಾಧ್ಯಾಯರ ಸಂಬಳಕ್ಕೆ ಕೇಂದ್ರ ಸರ್ಕಾರದ ಹಣವನ್ನು ಒದಗಿಸಿತು. ಜಾನ್ ಡ್ಯೂಯಿಯಂತಹ ತತ್ತ್ವಜ್ಞಾನಿಗಳು ಈ ವಿಷಯದಲ್ಲಿ ಎಚ್ಚರಿಕೆಯ ಮಾತನ್ನು ಹೇಳಿಯೇ ಇದ್ದರು: ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ದುಡಿಯುವವರು, ಓದುವವರು ಎಂದು ಎರಡು ಪಂಕ್ತಿಯಲ್ಲಿ ಕೂರಿಸಿದರೆ ಪ್ರಜಾಪ್ರಭುತ್ವಕ್ಕೆ ಅದು ಹಾನಿಕರವೆಂಬುದು ಅವರ ಅಭಿಪ್ರಾಯವಾಗಿತ್ತು. ಆ ಆತಂಕ ನಿರಾಧಾರವಾದುದಲ್ಲವೆಂಬುದನ್ನು ಮುಂದಿನ ಚರಿತ್ರೆ ತೋರಿಸಿತು. ಆದರೆ ಶಾಸನದಲ್ಲಿ ಒಂದು ವಿಧಿ ಬಹಳ ಫಲಕಾರಿಯಾಯಿತು. ಬೇಸಾಯವನ್ನು ಕಲಿಯುವ ವಿದ್ಯಾರ್ಥಿಯು ವರ್ಷಕ್ಕೆ 6 ತಿಂಗಳಿಗೆ ಕಡಮೆಯಿಲ್ಲದಂತೆ ಹೊಲದಲ್ಲಿ, ಗುರುವಿನ ಮೇಲ್ವಿಚಾರಣೆಯಲ್ಲಿ, ಕೈಯಾರ ಕೆಲಸವನ್ನು ಮಾಡತಕ್ಕದ್ದೆಂದು ಅದು ವಿಧಿಸಿತು. ಇದರಿಂದ ಹುಡುಗನೊಬ್ಬನು ತನ್ನ ತಂದೆಯ ನೆಲದ ಒಂದು ಮೂಲೆಯಲ್ಲಿ ಮುಸುಕಿನ ಜೋಳವನ್ನು ಬೆಳೆದು, ಅಥವಾ ಒಂದು ಹಂದಿಯನ್ನೋ ಕರುವನ್ನೋ ಸಾಕಿ, ಬಿತ್ತನೆಯ ಬೀಜಕ್ಕೆಷ್ಟು, ಮೇವಿಗೆಷ್ಟು, ಮಾರಿದಾಗ ಬಂದದ್ದೆಷ್ಟು ಎಂಬ ಲೆಕ್ಕವನ್ನು ತನ್ನದೇ ಅಕ್ಷರದಲ್ಲಿ ಬರೆದಿಡುವಂತಾಯಿತು. ಉಪಾಧ್ಯಾಯನು ಮನೆಮನೆಗೆ ಹೋಗಿ ಆ ಬೆಳೆಯನ್ನೂ ಆ ಪುಸ್ತಕವನ್ನೂ ನೋಡುವಂತಾಯಿತು. ಶಾಲೆಯೂ ಹೊಲವೂ ಒಂದರ ಮಾತನ್ನು ಒಂದು ಕೇಳತೊಡಗಿದುವು.

ಹೀಗೆ ಬೇಸಾಯದ ತರಗತಿಯಲ್ಲಿ ಕೂಡಿದ ಹುಡುಗರಿಗೆ ತಮ್ಮದೇ ಆದ ಸಂಘವೊಂದು ಬೇಕೆಂದು ವರ್ಜೀನಿಯಾ ಸಂಸ್ಥಾನದ ಬೇಸಾಯಶಿಕ್ಷಕ ಹೆನ್ರಿ ಗ್ರೋಸ್‌ಕ್ಲೋಸ್ ಮತ್ತು ಅವನ ಸಹೋದ್ಯೋಗಿಗಳಿಗೆ ತೋರಿತು. ಪಟ್ಟಣದ ಹುಡುಗರ ಎದುರಿಗೆ ಹಳ್ಳಿಯ ಹುಡುಗನು ಸಂಕೋಚದಿಂದ ಮುದುಡಿಕೊಳ್ಳುವುದನ್ನು ಅವರು ಕಂಡಿದ್ದರು. ನಾಲ್ಕು ಜನರ ಮುಂದೆ ನಿಂತು ಮಾತನಾಡುವ ಧೈರ್ಯವನ್ನೂ, ತನ್ನ ಕಸುಬಿನ ವಿಷಯದಲ್ಲಿ ಅಭಿಮಾನವನ್ನೂ ಅವನಲ್ಲಿ ಹುಟ್ಟಿಸಬೇಕೆಂಬುದು ಅವರ ಆಶಯ. 1920ರ ದಶಕದ ಮಧ್ಯದಲ್ಲಿ ವರ್ಜೀನಿಯಾದಲ್ಲಿ ನಡೆದ ಈ ಪ್ರಯೋಗವೇ ಮಾದರಿಯಾಗಿ, 1928ರಲ್ಲಿ ಮಿಸೌರಿ ಸಂಸ್ಥಾನದ ಕ್ಯಾನ್ಸಸ್ ಸಿಟಿಯ ಒಂದು ಹೋಟೆಲಿನಲ್ಲಿ, 18 ಸಂಸ್ಥಾನಗಳಿಂದ ಬಂದ 33 ಮಂದಿ ಪ್ರತಿನಿಧಿಗಳು ಸೇರಿ ‘ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ’ ಎಂಬ ಸಂಘವನ್ನು ಸ್ಥಾಪಿಸಿದರು. ಸದಸ್ಯತ್ವಕ್ಕೆ ಕಟ್ಟಬೇಕಾಗಿದ್ದ ವಾರ್ಷಿಕ ಚಂದಾ 10 ಸೆಂಟು.

ಈ ಸಂಘದ ಒಂದು ಸಾಧಾರಣ ಸಭೆ ನಡೆಯುತ್ತಿದ್ದ ರೀತಿಯನ್ನು ಸ್ವಲ್ಪ ಸಾವಧಾನವಾಗಿ ನೋಡುವುದು ಒಳ್ಳೆಯದು; ಏಕೆಂದರೆ ಅದರ ಗುಣವೆಲ್ಲವೂ ಆ ವಿಧಿಯಲ್ಲಿಯೇ ವ್ಯಕ್ತವಾಗುತ್ತದೆ. ಶಾಲೆಯ ಒಂದು ಕೊಠಡಿಯಲ್ಲಿ ಪದಾಧಿಕಾರಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಚಿಹ್ನೆಯ ಬಳಿ ಸ್ಥಾನವು ಗೊತ್ತಾಗಿರುತ್ತದೆ. ಅಧ್ಯಕ್ಷನು ಉದಯಸೂರ್ಯನ ಚಿತ್ರದ ಬಳಿ; ಉಪಾಧ್ಯಕ್ಷನು ನೇಗಿಲ ಬಳಿ; ಕಾರ್ಯದರ್ಶಿಯು ಮುಸುಕಿನ ಜೋಳದ ತೆನೆಯ ಬಳಿ, ಆ ಬೆಳೆಯನ್ನು ದೇಶದ ಎಲ್ಲ ಸಂಸ್ಥಾನಗಳಲ್ಲಿಯೂ ಬೆಳೆಯುತ್ತಾರಾದುದರಿಂದ. ಕೋಶಾಧ್ಯಕ್ಷನ ಸ್ಥಾನ ಜಾರ್ಜ್ ವಾಷಿಂಗ್ಟನ್ನನ ಚಿತ್ರದ ಬಳಿ. ಆ ಮಹಾಪುರುಷನು ತನ್ನ ಜಮೀನಿನ ಲೆಕ್ಕವನ್ನು ಬಹು ಎಚ್ಚರದಿಂದ ಇಟ್ಟವನು. ವರದಿಗಾರನು ರಾಷ್ಟ್ರಧ್ವಜದ ಬಳಿ ಕೂರುತ್ತಾನೆ. ದ್ವಾರಪಾಲಕನು ಬಾಗಿಲ ಬಳಿ ನಿಂತು ಬಂದವರನ್ನು ಸ್ವಾಗತಿಸುತ್ತಾನೆ. ಉಪಾಧ್ಯಾಯನಿಗೆ ಮೀಸಲಾದದ್ದು ಗೂಬೆಯ ಚಿತ್ರದ ಪಕ್ಕ. ನಮ್ಮಲ್ಲಿ ಅಪಶಕುನವೆನಿಸಿದ ಆ ಪಕ್ಷಿ ಪಾಶ್ಚಾತ್ಯರಿಗೆ ವಿವೇಕದ ಸಂಕೇತ. ಅಧ್ಯಕ್ಷನು ಮರದ ಸುತ್ತಿಗೆಯಿಂದ ಮೇಜನ್ನು ಮೂರು ಸಲ ತಟ್ಟಿದರೆ ಎಲ್ಲರೂ ಏಳಬೇಕು, ಒಂದು ಸಲ ತಟ್ಟಿದರೆ ಕೂರಬೇಕು. ಅವನು ಒಬ್ಬೊಬ್ಬ ಪದಾಧಿಕಾರಿಯನ್ನೂ ಕರೆದು, ನಿನ್ನ ಸ್ಥಾನ ಅಲ್ಲೇಕೆ, ನಿನ್ನ ಕರ್ತವ್ಯವೇನು ಎಂದು ಕೇಳುತ್ತಾನೆ. ಆತನು ಎದ್ದುನಿಂತು ಎಲ್ಲರಿಗೂ ಕೇಳುವಂತೆ ಉತ್ತರವನ್ನು ಹೇಳುತ್ತಾನೆ. ಹದಿನೈದು ವರ್ಷದ ಹುಡುಗನೊಬ್ಬನು, ನೆನ್ನೆಯವರೆಗೆ ತರಗತಿಯ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕುಳಿತಿದ್ದವನು, ಇಂದು ನೇಗಿಲ ಬಳಿ ನಿಂತು, ಆ ನೇಗಿಲು ದುಡಿಮೆಗೂ ನೆಲದ ಉಳುಮೆಗೂ ಸಂಕೇತವೆಂದು ಸಭೆಗೆ ವಿವರಿಸುತ್ತಾನೆ. ಗುರುವು ಅಲ್ಲಿ ಇರುತ್ತಾನೆ, ಆದರೆ ಸಭೆಯನ್ನು ನಡೆಸುವವನು ಅವನಲ್ಲ. ಶಾಸನವು ಊಹಿಸದೆಯೇ ಇದ್ದ ಫಲ ಇದು: ಒಕ್ಕಲುತನವನ್ನು ಕಲಿಸಹೊರಟ ತರಗತಿಯು ಸಭಾಮರ್ಯಾದೆಯನ್ನೂ, ಅಭಿಪ್ರಾಯಭೇದವನ್ನು ನಿಯಮಕ್ಕನುಸಾರವಾಗಿ ತೀರ್ಮಾನಿಸುವ ಅಭ್ಯಾಸವನ್ನೂ ಕಲಿಸಿತು.

ಬೇಸಾಯದವರನ್ನು ನೋಡಿ ಇತರ ವೃತ್ತಿಗಳವರೂ ತಮ್ಮ ತಮ್ಮ ಸಂಘಗಳನ್ನು ಕಟ್ಟಿಕೊಂಡರು. ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ ಹ್ಯಾಮ್ಡೆನ್ ಫೋರ್ಕ್ನರ್ ಎಂಬವನ ಸಲಹೆಯ ಮೇರೆಗೆ ವಾಣಿಜ್ಯ ವಿದ್ಯಾರ್ಥಿಗಳ ಸಂಘದ ಮೊದಲ ಶಾಖೆ 1942ರಲ್ಲಿ ಟೆನೆಸ್ಸಿಯ ಜಾನ್ಸನ್ ಸಿಟಿಯಲ್ಲಿ ಪ್ರಾರಂಭವಾಯಿತು. ಗೃಹವಿಜ್ಞಾನವನ್ನು ಓದುತ್ತಿದ್ದ ಹುಡುಗಿಯರ ಸಂಘ 1945ರಲ್ಲಿ ಷಿಕಾಗೋ ನಗರದಲ್ಲಿ ಉದಯಿಸಿತು; ಅಂಗಡಿ ವ್ಯಾಪಾರವನ್ನು ಕಲಿಯುವವರದು ಅದೇ ದಶಕದಲ್ಲಿಯೇ; ಯಂತ್ರಗೆಲಸ, ಮರಗೆಲಸ, ವಿದ್ಯುತ್ ಕೆಲಸಗಳನ್ನು ಕಲಿಯುವವರದು 1965ರಲ್ಲಿ. ಇವುಗಳ ಅಂಗರಚನೆ ಹೆಚ್ಚುಕಡಮೆ ಒಂದೇ: ಚುನಾಯಿತ ಪದಾಧಿಕಾರಿಗಳು, ಶಾಲೆಯಿಂದ ಸಂಸ್ಥಾನಕ್ಕೆ, ಸಂಸ್ಥಾನದಿಂದ ರಾಷ್ಟ್ರಕ್ಕೆ ಏರುವ ಸ್ಪರ್ಧೆಗಳು, ವರ್ಷಕ್ಕೊಮ್ಮೆ ಮಹಾಸಮ್ಮೇಳನ.

ಇನ್ನು ಸಂಗೀತದ ಮಾತು. ಅಮೆರಿಕದ ಸಾರ್ವಜನಿಕ ಶಾಲೆಗೆ ಸಂಗೀತವು ಮೊದಲು ಬಂದದ್ದು ಕಂಠದ ಮೂಲಕ. ಲೋವೆಲ್ ಮೇಸನ್ ಎಂಬ ಸಂಗೀತೋಪಾಧ್ಯಾಯನ ನಿರಂತರವಾದ ಶ್ರಮದಿಂದ 1838ರಲ್ಲಿ ಬಾಸ್ಟನ್ ನಗರದ ಶಾಲೆಗಳ ಆಡಳಿತ ಸಮಿತಿಯು ಗಾಯನವನ್ನು ಪಾಠದ ವಿಷಯವನ್ನಾಗಿ ಅಂಗೀಕರಿಸಿತು. ಅದರಿಂದ ಬುದ್ಧಿಗೆ, ಶೀಲಕ್ಕೆ, ದೇಹಕ್ಕೆ ಮೂರಕ್ಕೂ ಹಿತವಾಗುವುದೆಂದು ಅಂದಿನವರು ವಾದಿಸಿದರು. ವಾದ್ಯಗಳು ಶಾಲೆಯನ್ನು ಪ್ರವೇಶಿಸಲು ಇನ್ನೂ ಬಹುಕಾಲ ಹಿಡಿಯಿತು. ಇಂಡಿಯಾನಾ ಸಂಸ್ಥಾನದ ರಿಚ್ಮಂಡ್ ಎಂಬ ಊರಿನಲ್ಲಿ ವಿಲ್ ಎರ್‌ಹಾರ್ಟ್ ಎಂಬವನು 1898ರ ತರುವಾಯ ಕಟ್ಟಿದ ಪ್ರೌಢಶಾಲಾ ವಾದ್ಯವೃಂದ ಆ ಕಾಲಕ್ಕೆ ಒಂದು ವಿಶೇಷವೆಂದೇ ಎಣಿಸಲ್ಪಟ್ಟಿತು.

ಆದರೆ ಊರೂರಿಗೂ ಶಾಲಾ ಬ್ಯಾಂಡು ಹಬ್ಬಿದ್ದಕ್ಕೆ ಕಾರಣ ಬೇರೆ. ಅಮೆರಿಕದ ಅಂತರ್ಯುದ್ಧದ ಅನಂತರದ ಅರ್ಧ ಶತಮಾನದಲ್ಲಿ ಆ ದೇಶದ ಪ್ರತಿಯೊಂದು ಸಣ್ಣ ಪಟ್ಟಣಕ್ಕೂ ತನ್ನದೇ ಆದ ಹಿತ್ತಾಳೆಯ ವಾದ್ಯಗಳ ಮೇಳವೊಂದಿತ್ತು. ಕಮ್ಮಾರ, ಕ್ಷೌರಿಕ, ಅಂಗಡಿಯವ, ಅಂಚೆಯವ ಇವರೇ ಸೇರಿ ಬೇಸಿಗೆಯ ಸಂಜೆಗಳಲ್ಲಿ ಊರಿನ ಚೌಕದ ಮಂಟಪದಲ್ಲಿ ನುಡಿಸುತ್ತಿದ್ದರು. ಈ ವಾದ್ಯಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆಗಳು ಇಂಡಿಯಾನಾದ ಎಲ್ಕ್‌ಹಾರ್ಟ್ ಪಟ್ಟಣದಲ್ಲಿ ನೆಲೆಗೊಂಡವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಮೇಳಗಳಿಗಾಗಿ ವಾದ್ಯಗಳಿಗೆ ಬೇಡಿಕೆ ಇನ್ನೂ ಹೆಚ್ಚಿತು. ಯುದ್ಧ ಮುಗಿದ ಮೇಲೆ ಆ ಬೇಡಿಕೆ ಇಳಿಯಿತು. ಅದೇ ಹೊತ್ತಿಗೆ ಮೋಟಾರು ಗಾಡಿ, ಗ್ರಾಮೊಫೋನು, ರೇಡಿಯೋಗಳು ಬಂದು ಊರಿನ ಮೇಳಗಳು ಒಂದೊಂದಾಗಿ ಕ್ಷೀಣಿಸಿದುವು. ವಾದ್ಯ ತಯಾರಕರು ಹೊಸ ಗಿರಾಕಿಗಳನ್ನು ಹುಡುಕಬೇಕಾಯಿತು. ತುಂಬಿ ತುಳುಕುತ್ತಿದ್ದ ಪ್ರೌಢಶಾಲೆಗಳ ಕಡೆಗೆ ಅವರ ದೃಷ್ಟಿ ಬಿತ್ತು. 1923ರಲ್ಲಿ ಅವರು ಷಿಕಾಗೋ ನಗರದಲ್ಲಿ ಶಾಲಾ ಬ್ಯಾಂಡುಗಳ ಪ್ರಥಮ ರಾಷ್ಟ್ರೀಯ ಸ್ಪರ್ಧೆಯನ್ನು ಏರ್ಪಡಿಸಿದರು. ಬಂದ ಮೇಳಗಳು 30. ಗೆದ್ದದ್ದು ಒಹಾಯೋದ ಫಾಸ್ಟೋರಿಯ ಎಂಬ ಸಣ್ಣ ಊರಿನ ಶಾಲೆ. ಮಾರಾಟದ ಉಪಾಯವಾಗಿ ಪ್ರಾರಂಭವಾದ ಈ ಸ್ಪರ್ಧೆಯನ್ನು ಸಂಗೀತೋಪಾಧ್ಯಾಯರ ಸಂಸ್ಥೆಯವರು ಬೇಗನೆ ತಮ್ಮ ಕೈಗೆ ತೆಗೆದುಕೊಂಡು, ಕೃತಿಗಳ ಆಯ್ಕೆ, ತೀರ್ಪಿನ ಕ್ರಮ, ಮೇಳದಲ್ಲಿ ಯಾವ ಯಾವ ವಾದ್ಯಗಳಿರಬೇಕೆಂಬ ನಿಯಮ ಇವುಗಳನ್ನೆಲ್ಲ ರೂಪಿಸಿದರು. 1930ರ ದಶಕದಲ್ಲಿ ಒಬ್ಬನನ್ನು ಗೆದ್ದವನೆಂದೂ ಉಳಿದವರನ್ನು ಸೋತವರೆಂದೂ ಸಾರುವ ಪದ್ಧತಿಯನ್ನು ಬಿಟ್ಟು, ಪ್ರತಿಯೊಂದು ಮೇಳಕ್ಕೂ ಅದರ ಗುಣಕ್ಕೆ ತಕ್ಕ ಶ್ರೇಣಿಯನ್ನು ಕೊಡುವ ಪದ್ಧತಿಯನ್ನು ತಂದರು. ಉತ್ತಮವಾಗಿ ನುಡಿಸಿದವರು ಹತ್ತು ಮಂದಿಯಿದ್ದರೆ ಹತ್ತು ಮಂದಿಗೂ ಪ್ರಥಮ ಶ್ರೇಣಿ ಸಲ್ಲುವುದು. ವಿದ್ಯೆಗೆ ಒಪ್ಪುವ ನ್ಯಾಯ ಇದು.

ಈ ಕಾಲದ ಬ್ಯಾಂಡುಗಳಲ್ಲಿ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಪಟ್ಟಣದ ಶಾಲೆಯದು ಅತ್ಯಂತ ಹೆಸರಾದುದು. 1926, 1927, 1928ರಲ್ಲಿ ಸತತವಾಗಿ ಮೂರು ವರ್ಷ ಅದು ರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆದ್ದಿತು. ಅದನ್ನು ಕಟ್ಟಿದ ಎ. ಆರ್. ಮ್ಯಾಕಲಿಸ್ಟರನು ಮೊದಲು ಆ ಶಾಲೆಯಲ್ಲಿ ಕೈಕೆಲಸವನ್ನು ಕಲಿಸುತ್ತಿದ್ದ ಉಪಾಧ್ಯಾಯನಾಗಿದ್ದನೆಂಬುದು ನಮ್ಮ ವಿಷಯಕ್ಕೆ ಬಹಳ ಸಂಗತವಾದ ಮಾತು. ಉಳಿ ಬಾಚಿಗಳನ್ನು ಹಿಡಿಯಲು ಕಲಿಸಿದ ಕೈಯೇ ಮೇಳವನ್ನು ನಡೆಸುವ ಕೋಲನ್ನೂ ಹಿಡಿಯಿತು. ಅಳತೆ, ತಾಳ್ಮೆ, ಮತ್ತೆ ಮತ್ತೆ ಮಾಡುವ ಸಾಧನೆ ಎರಡು ಕಡೆಗಳಲ್ಲಿಯೂ ಬೇಕಾದುವೇ. ಇಂಡಿಯಾನಾದ ಹೋಬರ್ಟ್ ಎಂಬ ಚಿಕ್ಕ ಊರಿಗೆ 1925ರಲ್ಲಿ ಬಂದ ವಿಲಿಯಮ್ ರೆವೆಲ್ಲಿ ಎಂಬ ತರುಣನು, ಅಲ್ಲಿನ ಮಕ್ಕಳಿಂದಲೇ ಇಡೀ ದೇಶ ತಲೆದೂಗುವಂತಹ ಮೇಳವನ್ನು ಸಿದ್ಧಪಡಿಸಿ, ಹತ್ತು ವರ್ಷಗಳ ತರುವಾಯ ಮಿಷಿಗನ್ ವಿಶ್ವವಿದ್ಯಾನಿಲಯದ ಮೇಳದ ನಾಯಕನಾಗಿ ಹೋದನು. 1927ರ ಅನಂತರ ಮಾತನಾಡುವ ಚಲನಚಿತ್ರಗಳು ಬಂದುದರಿಂದ, ಮೂಕಚಿತ್ರಗಳಿಗೆ ಹಿನ್ನೆಲೆಯಾಗಿ ನುಡಿಸುತ್ತಿದ್ದ ಸಹಸ್ರಾರು ವಾದಕರು ಕೆಲಸವನ್ನು ಕಳೆದುಕೊಂಡರು. ಅವರಲ್ಲಿ ಅನೇಕರು ಶಾಲೆಗಳನ್ನು ಸೇರಿ ಮಕ್ಕಳಿಗೆ ಕಲಿಸುವವರಾದರು. ಒಂದು ಕಡೆಯ ನಷ್ಟ ಇನ್ನೊಂದು ಕಡೆಗೆ ಲಾಭವಾಗಿ ಪರಿಣಮಿಸಿತು.

ಈ ಎಲ್ಲ ಮೇಳಗಳಿಗೂ ಶಿಖರಪ್ರಾಯವಾದುದು ಜೋಸೆಫ್ ಮ್ಯಾಡಿ ಎಂಬ ಸಂಗೀತೋಪಾಧ್ಯಾಯನು ಮಿಷಿಗನ್ ಸಂಸ್ಥಾನದ ಇಂಟರ್ಲೋಕೆನ್ ಎಂಬಲ್ಲಿ, ಎರಡು ಸರೋವರಗಳ ನಡುವಣ ದೇವದಾರು ವನದಲ್ಲಿ, 1928ರಲ್ಲಿ ಸ್ಥಾಪಿಸಿದ ಬೇಸಿಗೆಯ ಶಿಬಿರ. ಅದಕ್ಕೆ ಎರಡು ವರ್ಷ ಹಿಂದೆ ಡಿಟ್ರಾಯಿಟ್ ನಗರದಲ್ಲಿ ನಡೆದ ಸಂಗೀತೋಪಾಧ್ಯಾಯರ ಸಮ್ಮೇಳನಕ್ಕಾಗಿ ಆತನು ನಾನಾ ಸಂಸ್ಥಾನಗಳ ಪ್ರೌಢಶಾಲಾ ಮಕ್ಕಳನ್ನು ಒಂದೆಡೆಗೆ ತಂದು ಒಂದು ಮಹಾವಾದ್ಯವೃಂದವನ್ನು ಕೂಡಿಸಿದ್ದನು. ಕೆಲವೇ ದಿವಸಗಳಲ್ಲಿ ಚೆದರಿಹೋಗಬೇಕಾಗಿದ್ದ ಆ ಕೂಟದ ಸವಿಯು ಪ್ರತಿ ವರ್ಷವೂ ಕೆಲವು ವಾರಗಳಾದರೂ ಒದಗಲೆಂಬ ಹಂಬಲವೇ ಶಿಬಿರಕ್ಕೆ ಬೀಜವಾಯಿತು. ಅಲ್ಲಿನ ಮಕ್ಕಳ ಗೋಷ್ಠಿಗಳು ರೇಡಿಯೋ ಮೂಲಕ ದೇಶಕ್ಕೆಲ್ಲ ಕೇಳಿಸುತ್ತಿದ್ದುವು. 1942ರಲ್ಲಿ ವೃತ್ತಿವಾದಕರ ಸಂಘದ ಅಧ್ಯಕ್ಷನಾದ ಜೇಮ್ಸ್ ಪೆಟ್ರಿಲ್ಲೊ ಈ ಪ್ರಸಾರವನ್ನು ನಿಲ್ಲಿಸಿಬಿಟ್ಟನು. ವೇತನವಿಲ್ಲದೆ ನುಡಿಸುವ ಮಕ್ಕಳಿಂದ ವೇತನಕ್ಕಾಗಿ ನುಡಿಸುವವರ ಅನ್ನಕ್ಕೆ ಕಲ್ಲು ಬೀಳುತ್ತದೆಂಬುದು ಅವನ ವಾದ. ವಾದದಲ್ಲಿ ಸತ್ಯಾಂಶವಿರಲಿಲ್ಲವೆಂದಲ್ಲ, ಯಂತ್ರಗಳಿಂದ ನೊಂದಿದ್ದ ಕಲಾವಿದರ ಸಂಕಟ ಅದರ ಹಿಂದೆ ಇತ್ತು. ಆದರೆ ಮಕ್ಕಳ ಸಂಗೀತವನ್ನು ತಡೆದ ಈ ಕ್ರಮ ಜನರಿಗೆ ಸಹನವಾಗಲಿಲ್ಲ. ವಿಷಯವು ಪತ್ರಿಕೆಗಳಿಂದ ಶಾಸನಸಭೆಗೆ ಹೋಗಿ, 1946ರಲ್ಲಿ ಇಂತಹ ಬಲವಂತವನ್ನು ನಿಷೇಧಿಸುವ ಲೀ ಶಾಸನವು ಅಂಗೀಕೃತವಾಯಿತು. ಆ ಮೇಲೆ ಶಾಲೆಗಳ ಸಂಗೀತೋಪಾಧ್ಯಾಯರೂ ವೃತ್ತಿವಾದಕರೂ ಸಂಧಾನಕ್ಕೆ ಕುಳಿತು, ಯಾವ ಯಾವ ಸಂದರ್ಭ ವಿದ್ಯಾರ್ಥಿಗಳಿಗೆ ಸೇರಿದುದು, ಯಾವುದು ಸಂಬಳದ ವಾದಕರಿಗೆ ಬಿಡತಕ್ಕದ್ದು ಎಂಬುದನ್ನು ಒಂದು ನೀತಿಸಂಹಿತೆಯಲ್ಲಿ ಬರೆದು ಒಪ್ಪಿಕೊಂಡರು. ವಿರಾಮದ ವಿದ್ಯೆಯೆಂದುಕೊಂಡಿದ್ದ ಸಂಗೀತವು ಕೂಡ ಜೀವನೋಪಾಯದ ಪ್ರಶ್ನೆಯಿಂದ ದೂರವಿಲ್ಲವೆಂಬುದನ್ನು ಈ ಪ್ರಕರಣ ಎಲ್ಲರಿಗೂ ತಿಳಿಯಹೇಳಿತು.

ವೃತ್ತಿಸಂಘವೂ ವಾದ್ಯವೃಂದವೂ ಒಂದೇ ಕಟ್ಟಡದಲ್ಲಿ ಬೆಳೆದುದರಿಂದ ಒಂದರ ಗುಣ ಇನ್ನೊಂದಕ್ಕೆ ಬಂದದ್ದು ಆಶ್ಚರ್ಯವಲ್ಲ. 1936ರಲ್ಲಿ ಇಲಿನಾಯ್ ಸಂಸ್ಥಾನದ ಒಂದು ಪ್ರೌಢಶಾಲೆಯಲ್ಲಿ ಸಂಗೀತದ ವಿದ್ಯಾರ್ಥಿಗಳಿಗಾಗಿ ಪದಾಧಿಕಾರಿಗಳನ್ನೂ ಸೇವಾಕಾರ್ಯಗಳನ್ನೂ ಇಟ್ಟುಕೊಂಡ ಒಂದು ಗೌರವಸಂಘವು ಹುಟ್ಟಿತು. ‘ಮಾಡರ್ನ್ ಮ್ಯೂಸಿಕ್ ಮಾಸ್ಟರ್ಸ್’ ಎಂಬ ಆ ಸಂಘವು ಮುಂದೆ ದೇಶವ್ಯಾಪಿಯಾಯಿತು. ಇತ್ತ ಬೇಸಾಯದ ಸಂಘವು ತನ್ನ ಅತ್ಯಂತ ಪ್ರಸಿದ್ಧವಾದ ಚಿಹ್ನೆಯನ್ನು ಪಡೆದದ್ದು ಒಂದು ಬ್ಯಾಂಡಿನಿಂದ. ಒಹಾಯೋ ಸಂಸ್ಥಾನದ ಫ್ರೆಡರಿಕ್‌ಟೌನ್ ಎಂಬ ಹಳ್ಳಿಯ ಬೇಸಾಯದ ಉಪಾಧ್ಯಾಯ ಗಸ್ ಲಿಂಟ್ನರನು ತನ್ನ ಶಾಖೆಯ ಹುಡುಗರದೇ ಒಂದು ಮೇಳವನ್ನು ನಡೆಸುತ್ತಿದ್ದನು. 1933ರ ರಾಷ್ಟ್ರೀಯ ಸಮ್ಮೇಳನದಲ್ಲಿ ನುಡಿಸಲು ಹೊರಟ ಮೇಳದವರಿಗೆ ಒಪ್ಪುವ ಒಂದು ಉಡುಪು ಬೇಕೆಂದು ಆತನು ನೀಲಿ ಬಣ್ಣದ ಕಾರ್ಡುರಾಯ್ ಬಟ್ಟೆಯ ಅಂಗಿಯನ್ನು ಮಾಡಿಸಿದನು. ಅದು ಉದ್ದುದ್ದ ಗೆರೆಗಳೆದ್ದ, ದಪ್ಪನೆಯ, ಬಹುಕಾಲ ಬಾಳುವ ಹತ್ತಿಯ ಬಟ್ಟೆ. ಬಿಸಿಲು ಧೂಳುಗಳಿಗೆ ಜಗ್ಗದೆ ದುಡಿಯುವವನ ಮೈಗೆ ಹೊಂದುವಂತಹದು. ಬೆನ್ನಿನ ಮೇಲೆ ಸಂಘದ ಲಾಂಛನವೂ ಊರಿನ ಹೆಸರೂ ಹಳದಿ ನೂಲಿನಲ್ಲಿ. ಆ ಅಂಗಿಗಳನ್ನು ತೊಟ್ಟು ಹುಡುಗರು ಕ್ಯಾನ್ಸಸ್ ಸಿಟಿಯಲ್ಲಿ ಮೆರೆದಾಗ, ನೆರೆದಿದ್ದ ಪ್ರತಿನಿಧಿಗಳು ಅದನ್ನೇ ಇಡೀ ಸಂಘದ ಅಧಿಕೃತ ಉಡುಪೆಂದು ಅಂಗೀಕರಿಸಿದರು. ಅಂದಿನಿಂದ ಲಕ್ಷಾಂತರ ರೈತರ ಮಕ್ಕಳು ಆ ನೀಲಿ ಅಂಗಿಯನ್ನು ತೊಟ್ಟಿದ್ದಾರೆ. 1940ರ ದಶಕದ ಕೊನೆಯಿಂದ ಆ ಸಂಘದ ಮಹಾಸಮ್ಮೇಳನಗಳಲ್ಲಿ ನಾನಾ ಸಂಸ್ಥಾನಗಳ ಸದಸ್ಯರಿಂದ ಕೂಡಿದ ರಾಷ್ಟ್ರೀಯ ವಾದ್ಯಮೇಳವೂ ಗಾಯನಮೇಳವೂ ಏರ್ಪಡುತ್ತ ಬಂದುವು. ಬೇಸಾಯದವರಿಗೆ ಸಂಗೀತವೇಕೆ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಈ ಚರಿತ್ರೆಯ ಉಜ್ಜ್ವಲ ಭಾಗವನ್ನು ಮಾತ್ರ ಹೇಳಿ ಮುಗಿಸುವುದು ಧರ್ಮವಲ್ಲ. ಸಹೋದರಭಾವವನ್ನು ಸಭೆ ಸಭೆಯಲ್ಲಿಯೂ ಉಚ್ಚರಿಸುತ್ತಿದ್ದ ಈ ಬೇಸಾಯದ ಸಂಘದ ಬಾಗಿಲು ದಕ್ಷಿಣ ಸಂಸ್ಥಾನಗಳ ಕರಿಯ ಮಕ್ಕಳಿಗೆ ಮುಚ್ಚಿತ್ತು. ಅಲ್ಲಿ ಶಾಲೆಗಳೇ ವರ್ಣಭೇದದಿಂದ ಬೇರೆಯಾಗಿದ್ದುವು. ಆ ಮಕ್ಕಳ ಉಪಾಧ್ಯಾಯರು ವರ್ಜೀನಿಯಾದಲ್ಲಿ ಪ್ರಾರಂಭಿಸಿ, 1935ರಲ್ಲಿ ಅಲಬಾಮದ ಟಸ್ಕೀಗಿಯಲ್ಲಿ ‘ನ್ಯೂ ಫಾರ್ಮರ್ಸ್ ಆಫ್ ಅಮೆರಿಕ’ ಎಂಬ ಬೇರೊಂದು ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಟಸ್ಕೀಗಿಯೆಂದರೆ ಬೂಕರ್ ವಾಷಿಂಗ್ಟನ್ನನು ಕಟ್ಟಿದ, ಜಾರ್ಜ್ ಕಾರ್ವರನು ನೆಲಗಡಲೆಯ ಮೇಲೆ ಸಂಶೋಧನೆ ನಡೆಸಿದ ವಿದ್ಯಾಕ್ಷೇತ್ರ. ಗುಲಾಮರ ಮಕ್ಕಳೂ ಮೊಮ್ಮಕ್ಕಳೂ ನೆಲದ ವಿದ್ಯೆಯಿಂದ ತಲೆಯೆತ್ತಿ ನಿಲ್ಲಲು ಯತ್ನಿಸಿದ ಸ್ಥಳ. ಈ ಸಂಘದವರು ತೊಟ್ಟದ್ದು ಕಪ್ಪು ಬಣ್ಣದ ಕಾರ್ಡುರಾಯ್ ಅಂಗಿ. ಭಾಷಣ, ಬೇಸಾಯ, ಪಶುಪಾಲನೆಗಳ ಸ್ಪರ್ಧೆಗಳ ಜೊತೆಗೆ ನಾಲ್ವರು ಕೂಡಿ ಹಾಡುವ ಗಾಯನಸ್ಪರ್ಧೆಯನ್ನೂ ಅವರು ಇಟ್ಟುಕೊಂಡಿದ್ದರು. ಚರ್ಚಿನ ಸಾಮೂಹಿಕ ಗಾನದಲ್ಲಿ ಬೆಳೆದ ಆ ಜನಕ್ಕೆ ಅದು ಸಹಜವಾದದ್ದು. ವರ್ಣಭೇದದ ಶಾಲೆಗಳು ಕಾನೂನಿನಿಂದ ರದ್ದಾದ ತರುವಾಯ 1965ರಲ್ಲಿ ಈ ಸಂಘವನ್ನು ದೊಡ್ಡ ಸಂಘದೊಳಕ್ಕೆ ವಿಲೀನಗೊಳಿಸಲಾಯಿತು. ನ್ಯಾಯ ದೊರೆಯಿತು, ಆದರೆ ವಿಲೀನವೆಂಬುದು ಸಮಾನರ ಕೂಡಿಕೆಯಾಗಿ ನಡೆಯಲಿಲ್ಲ. ಕಪ್ಪು ಅಂಗಿ, ಅದರ ಲಾಂಛನ, ಆ ಸಂಘದ ಪದವಿಗಳು ಎಲ್ಲವೂ ಮರೆಯಾದವು. ಕರಿಯ ನಾಯಕರಿಗೆ ಹೊಸ ವ್ಯವಸ್ಥೆಯಲ್ಲಿ ಹಿಂದಿನ ಅಧಿಕಾರಸ್ಥಾನಗಳು ಉಳಿಯಲಿಲ್ಲ. ಹುಡುಗಿಯರ ಸಂಗತಿಯೂ ಹೀಗೆಯೇ. ಹೊಲದಲ್ಲಿ ಗಂಡಸರ ಸರಿಸಮಕ್ಕೆ ದುಡಿಯುತ್ತಿದ್ದ ಮನೆಗಳ ಹೆಣ್ಣುಮಕ್ಕಳಿಗೆ ರಾಷ್ಟ್ರಮಟ್ಟದಲ್ಲಿ ಪೂರ್ಣ ಸದಸ್ಯತ್ವ ದೊರೆತದ್ದು 1969ರಲ್ಲಿ, ಸಂಘ ಹುಟ್ಟಿ 41 ವರ್ಷಗಳಾದ ಮೇಲೆ. ಡ್ಯೂಯಿಯು ಹೇಳಿದ್ದ ಎಚ್ಚರಿಕೆಯನ್ನು ಇಲ್ಲಿ ನೆನೆಯಬೇಕು. ಮಕ್ಕಳಿಗೆ ಅವರ ಮುಂದಿನ ಬಾಳನ್ನು ತೋರಿಸುವ ಸಂಸ್ಥೆಯು, ಯಾರ ಬಾಳು ಎಷ್ಟರಲ್ಲಿರಬೇಕೆಂದು ತಾನೇ ನಿಶ್ಚಯಿಸಿಬಿಟ್ಟರೆ, ಅದು ಕೊಟ್ಟದ್ದಕ್ಕಿಂತ ಕಸಿದುಕೊಂಡದ್ದೇ ಹೆಚ್ಚಾಗುತ್ತದೆ.

ನಮ್ಮ ದೇಶಕ್ಕೂ ಈ ವಿಚಾರಗಳ ಗಾಳಿ ಬೀಸದೆ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಪ್ರೌಢಶಿಕ್ಷಣದ ಸುಧಾರಣೆಗಾಗಿ ಭಾರತ ಸರ್ಕಾರವು ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಿಸಿದ ಆಯೋಗವು, ಸಾಹಿತ್ಯ ವಿಜ್ಞಾನಗಳ ಜೊತೆಗೆ ಬೇಸಾಯ, ವಾಣಿಜ್ಯ, ತಾಂತ್ರಿಕ ವಿದ್ಯೆ, ಗೃಹವಿಜ್ಞಾನ, ಲಲಿತಕಲೆ ಇವುಗಳನ್ನು ಒಂದೇ ಸೂರಿನಡಿಯಲ್ಲಿ ಕಲಿಸುವ ವಿವಿಧೋದ್ದೇಶ ಪ್ರೌಢಶಾಲೆಗಳನ್ನು ತೆರೆಯಬೇಕೆಂದೂ, ಮಕ್ಕಳಿಗೆ ವೃತ್ತಿಯ ದಾರಿಯನ್ನು ತೋರಿಸಲು ಪ್ರತ್ಯೇಕ ಮಾರ್ಗದರ್ಶಕರಿರಬೇಕೆಂದೂ ಸಲಹೆ ಮಾಡಿತು. ಬೇಸಾಯಕ್ಕೂ ಲಲಿತಕಲೆಗೂ ಒಂದೇ ಪಟ್ಟಿಯಲ್ಲಿ ಎಡೆಕೊಟ್ಟ ಆ ವರದಿಯ ಔದಾರ್ಯ ಸ್ಮರಣೀಯವಾದುದು. ಅಂತಹ ಶಾಲೆಗಳು ನಮ್ಮ ನಾಡಿನಲ್ಲಿಯೂ ತೆರೆದುವು. ಆದರೆ ಕೆಲವು ವರ್ಷಗಳಲ್ಲಿಯೇ ಆ ಪ್ರಯತ್ನ ಬಲಗುಂದಿತು. ಇಂದು ನಮ್ಮ ಪ್ರೌಢಶಾಲೆಗಳ ವೇಳಾಪಟ್ಟಿಯಲ್ಲಿ ಕೈಕೆಲಸದ ಅವಧಿ, ಸಂಗೀತದ ಅವಧಿ ಎಂದು ಎಲ್ಲಿಯಾದರೂ ಕಂಡುಬಂದರೆ, ಎಸ್. ಎಸ್. ಎಲ್. ಸಿ. ಪರೀಕ್ಷೆ ಸಮೀಪಿಸುತ್ತಲೇ ಗಣಿತ ವಿಜ್ಞಾನಗಳಿಗೆ ಮೊದಲು ಬಲಿಯಾಗುವುದು ಅವೇ. ಸ್ವಾತಂತ್ರ್ಯೋತ್ಸವದ ಮುಂಜಾನೆಗಾಗಿ ಹದಿನೈದು ದಿವಸ ಮೊದಲು ಡ್ರಮ್ಮುಗಳ ಧೂಳನ್ನು ಕೊಡವಿ, ಮೆರವಣಿಗೆ ಮುಗಿದೊಡನೆ ಮತ್ತೆ ಉಗ್ರಾಣಕ್ಕೆ ಸೇರಿಸುವ ಶಾಲೆಗಳು ಎಷ್ಟೋ ಇವೆ.

ಕಟ್ಟಡ, ಹಣ, ವಾದ್ಯ, ಉಪಕರಣ ಇವುಗಳ ಕೊರತೆಯೇ ಇದಕ್ಕೆ ಕಾರಣವೆಂದು ಹೇಳುವುದುಂಟು. ಕೊರತೆ ನಿಜ, ಆದರೆ ಅಮೆರಿಕದ ಆ ಚರಿತ್ರೆಯನ್ನು ನೋಡಿದರೆ ಅಷ್ಟೇ ಕಾರಣವೆಂದು ಒಪ್ಪಲು ಮನಸ್ಸು ಬರುವುದಿಲ್ಲ. ಸರ್ಕಾರವು ಸಂಬಳವನ್ನು ಕೊಟ್ಟಿತು, ವರ್ತಕರು ತುತ್ತೂರಿಗಳನ್ನು ಮಾರಿದರು. ಅಷ್ಟರಿಂದಲೇ ಒಂದು ಸಂಘವೂ ಒಂದು ಮೇಳವೂ ಜೀವಿಸುತ್ತಿರಲಿಲ್ಲ. ಸಭೆಯನ್ನು ಹುಡುಗರೇ ನಡೆಸಬಹುದೆಂದು ನಂಬಿ ಪಕ್ಕಕ್ಕೆ ಕುಳಿತ ಉಪಾಧ್ಯಾಯನು, ತನ್ನ ಕರುವಿನ ಲೆಕ್ಕವನ್ನು ತಾನೇ ಬರೆದ ಹುಡುಗನು, ಕ್ಲಾರಿನೆಟ್ಟಿನ ಒಂದು ಕಠಿಣವಾದ ಪಂಕ್ತಿಯನ್ನು ಪಕ್ಕದವಳ ಸ್ವರದೊಂದಿಗೆ ಕೂಡುವ ತನಕ ಸಾಧಿಸಿದ ಹುಡುಗಿ, ಆ ಮಕ್ಕಳ ಸಂಜೆಯ ಸಾಧನೆಯನ್ನು ಓದಿಗೆ ಅಡ್ಡಿಯೆಂದು ಭಾವಿಸದೆ ಇದ್ದ ತಾಯಿತಂದೆಗಳು, ಇವರಿಂದ ಅವು ಜೀವಿಸಿದುವು. ಮಗುವಿನ ಕೈಗೆ ಒಂದು ನಿಜವಾದ ಕೆಲಸವನ್ನು ಕೊಟ್ಟು, ಅದರ ಒಳಿತು ಕೆಡಕುಗಳಿಗೆ ಅವನನ್ನೇ ಅಥವಾ ಅವಳನ್ನೇ ಹೊಣೆಯಾಗಿಸಿ, ಆ ಕೆಲಸದಲ್ಲಿ ಇತರರೊಡನೆ ಕೂಡಿ ನಡೆಯುವಂತೆ ಮಾಡುವುದು ಯಾವ ಬಡ ಶಾಲೆಗೂ ಅಸಾಧ್ಯವಾದುದಲ್ಲ. ನಮ್ಮ ಹಳ್ಳಿಯ ಶಾಲೆಯಲ್ಲಿ ತುತ್ತೂರಿಯಿಲ್ಲದಿರಬಹುದು, ಡೊಳ್ಳು ಇದೆ, ಭಜನೆಯ ತಾಳವಿದೆ, ಊರಿನ ನಾಗಸ್ವರದವರು ಇದ್ದಾರೆ. ದೊಡ್ಡ ಪ್ರಯೋಗಶಾಲೆಯಿಲ್ಲದಿರಬಹುದು, ಹಿತ್ತಿಲಲ್ಲಿ ನಾಲ್ಕು ಪಾತಿಗಳಿಗೆ ಸ್ಥಳವಿದೆ, ಬಡಗಿಯೂ ನೇಕಾರನೂ ಕೂಗಳತೆಯಲ್ಲಿದ್ದಾರೆ. ಇರುವ ಈ ಸಾಮಗ್ರಿಯನ್ನು ಮಕ್ಕಳ ವಶಕ್ಕೆ ಒಪ್ಪಿಸಿ, ವಾರಕ್ಕೆ ಎರಡು ಸಂಜೆಗಳನ್ನು ಪರೀಕ್ಷೆಯ ಭಯದಿಂದ ಕಾಪಾಡಿಕೊಡುವಷ್ಟು ನಂಬಿಕೆ ಹಿರಿಯರಾದ ನಮ್ಮಲ್ಲಿ ಇರಬೇಕು. ಉಳಿದುದನ್ನು ಮಕ್ಕಳು ಮಾಡಿಯಾರು.